ಹೆರಿಗೆ ಸಂಬಳದ ಲೆಕ್ಕವನ್ನು ಬರೆದು ಕೊಡಿ

ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ, ನಂಜನಗೂಡಿನ ಕಾರ್ಖಾನೆಗಳಿಗೆ, ಚಾಮರಾಜನಗರದ ಖಾಸಗಿ ಶಾಲೆ, ಆಸ್ಪತ್ರೆ, ಅಂಗಡಿಗಳಿಗೆ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗುವ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಹೆರಿಗೆ ರಜೆ 26 ವಾರ ಎಂಬುದು ಗೊತ್ತು. ಆ 26 ವಾರಕ್ಕೆ ಎಷ್ಟು ದುಡ್ಡು ಬರಬೇಕು, ಅದನ್ನು ಹೇಗೆ ಎಣಿಸುತ್ತಾರೆ ಎಂದರೆ ಸುಮ್ಮನಾಗುತ್ತಾರೆ. ಆಫೀಸಿನಲ್ಲಿ ಕೇಳಿದರೆ ಬರುವ ಉತ್ತರ, "ನೀನು ರಜ ಹೋಗಮ್ಮ, ಲೆಕ್ಕ ಮಾಡಿ ಅಕೌಂಟಿಗೆ ಹಾಕ್ತೀವಿ." ಹಾಕಿದ ಮೊತ್ತ ಸರಿಯೇ ಎಂದು ನೋಡಿಕೊಳ್ಳಲು ಅವಳ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಬಾಣಂತಿಯ ದುಡ್ಡು ಸೋರುವುದು ಇಲ್ಲೇ. ರಜೆ ಕೊಡುವುದಿಲ್ಲ ಎಂದು ಮುಖದ ಮೇಲೆ ಹೇಳಿದರೆ ಜಗಳವಾದರೂ ಆಡಬಹುದು. ಲೆಕ್ಕದೊಳಗೆ ಕಳೆದುಹೋದ ದುಡ್ಡಿಗೆ ಜಗಳ ಆಡುವುದು ಹೇಗೆ?

ನಿಯಮ ಕಷ್ಟದ್ದೇನಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು, ಹಕ್ಕು ಬಂದಂತೆ. ರಜೆಗೆ ಹೊರಡುವ ಮುಂಚಿನ ಮೂರು ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ಸಂಬಳ ಕೂಡಿಸಿ, ಆ ದಿನಗಳಿಂದಲೇ ಭಾಗಿಸಿದರೆ ಸಿಗುವುದು ದಿನದ ಸರಾಸರಿ. ಅದು ಕನಿಷ್ಠ ವೇತನಕ್ಕಿಂತ ಕೆಳಗಿಳಿಯಬಾರದು. 26 ವಾರವೆಂದರೆ 182 ದಿನ. ಸರಾಸರಿಯನ್ನು 182ರಿಂದ ಗುಣಿಸಬೇಕು.

ನೌಕರರ ರಾಜ್ಯ ವಿಮೆ (ಇಎಸ್‌ಐ) ಇಲ್ಲದ ಒಂದು ತೋಟದಲ್ಲಿ ದಿನಕ್ಕೆ 500 ರೂಪಾಯಿ ಕೂಲಿ ಎಂದು ಹಿಡಿಯೋಣ. ಮೂರು ತಿಂಗಳಲ್ಲಿ ಭಾನುವಾರ ಬಿಟ್ಟು 78 ದಿನ ಕೆಲಸ, 39,000 ರೂಪಾಯಿ ಸಂಪಾದನೆ. ಸರಾಸರಿ 500, ಬರಬೇಕಾದದ್ದು 91,000. ಈಗ ಲೆಕ್ಕ ಬರೆಯುವವರು ಅದೇ 39,000ವನ್ನು 78ರ ಬದಲು 90ರಿಂದ ಭಾಗಿಸಿದರೆ ಸರಾಸರಿ 433ಕ್ಕೆ ಇಳಿಯುತ್ತದೆ. ಮೇಲಿಂದ 182ರಲ್ಲಿ ಭಾನುವಾರಗಳನ್ನು ಕಳೆದು 156 ದಿನಕ್ಕೆ ಮಾತ್ರ ಕೊಟ್ಟರೆ ಅವಳ ಕೈಗೆ ಬರುವುದು 67,600. ಯಾರೂ ರಜೆ ನಿರಾಕರಿಸಲಿಲ್ಲ, ಯಾರೂ ಕೆಲಸದಿಂದ ತೆಗೆಯಲಿಲ್ಲ. 23,400 ರೂಪಾಯಿ ಮಾತ್ರ ಹೋಯಿತು.

ಭಾನುವಾರ ಕಳೆಯುವ ಈ ಚಾಳಿ ಹಳೆಯದು. ಕೊಯಮತ್ತೂರು ಕಡೆಯ ಆನೆಮಲೆ ಬೆಟ್ಟದ ಮೌಂಟ್ ಸ್ಟುವರ್ಟ್ ಎಸ್ಟೇಟಿನಲ್ಲಿ ಒಬ್ಬ ಕೂಲಿ ಹೆಂಗಸಿಗೆ ಆಗಿನ 12 ವಾರದ ಹೆರಿಗೆ ಸಂಬಳವನ್ನು 84 ದಿನಕ್ಕೆ ಕೊಡುವ ಬದಲು 72 ದಿನಕ್ಕೆ ಕೊಟ್ಟಿದ್ದರು. ಭಾನುವಾರ ಕೂಲಿ ಇಲ್ಲ, ಹಾಗಾಗಿ ಹೆರಿಗೆ ಸಂಬಳವೂ ಇಲ್ಲ ಎಂಬುದು ತೋಟದವರ ವಾದ. ಹನ್ನೆರಡು ದಿನದ ಕೂಲಿಯ ಈ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಾರವೆಂದರೆ ಏಳು ದಿನ, ಭಾನುವಾರವೂ ಸೇರಿ, ಎಂದು 1977ರಲ್ಲಿ ಬಿ. ಷಾ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. ಬಾಣಂತಿ ಹೊಟ್ಟೆ ಹೊರೆದರೆ ಸಾಲದು, ಕಳೆದ ಶಕ್ತಿ ಮರಳಿ ಬರಬೇಕು, ಮಗುವಿಗೆ ಹಾಲೂಡಿಸಬೇಕು ಎಂಬುದೇ ಕಾನೂನಿನ ಉದ್ದೇಶ ಎಂದೂ ವಿವರಿಸಿತು. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟಗಳಲ್ಲಿ ದುಡಿಯುವ ಹೆಂಗಸರಿಗೂ ಅನ್ವಯವಾಗುವ ತೀರ್ಪು ಇದು. ಅವರಲ್ಲಿ ಎಷ್ಟು ಮಂದಿಗೆ ಇದನ್ನು ಯಾರಾದರೂ ಕನ್ನಡದಲ್ಲಿ ಓದಿ ಹೇಳಿದ್ದಾರೆ?

ಈಗ ಇನ್ನೊಂದು ಪೆಟ್ಟು ಬಿದ್ದಿದೆ. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಜಾಗಕ್ಕೆ ಬಂದಿದೆ. 26 ವಾರ ಹಾಗೇ ಉಳಿದಿದೆ, ಆದ್ದರಿಂದ ಏನೂ ಬದಲಾಗಿಲ್ಲ ಎಂದು ಹೇಳುವವರಿದ್ದಾರೆ. ಬದಲಾಗಿದೆ. ಹಳೆಯ ಕಾಯ್ದೆಯಲ್ಲಿ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರಿ ನಗದಾಗಿ ಬರುವ ಭತ್ಯೆಗಳೆಲ್ಲ ಸಂಬಳವೇ. ಹೊಸ ಸಂಹಿತೆಯಲ್ಲಿ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಸಂಬಳದಿಂದ ಹೊರಗೆ. ಹೀಗೆ ಹೊರಗಿಟ್ಟದ್ದು ಒಟ್ಟು ಮೊತ್ತದ ಅರ್ಧ ಮೀರಿದರೆ ಮಾತ್ರ, ಮೀರಿದಷ್ಟನ್ನು ಒಳಗೆ ಸೇರಿಸಬೇಕು. ಪಿಎಫ್, ಗ್ರಾಚ್ಯುಟಿ ಹೆಚ್ಚುತ್ತದೆ ಎಂದು ಕೇಂದ್ರ ಸರ್ಕಾರ ಇದೇ ವ್ಯಾಖ್ಯೆಯನ್ನು ಹೊಗಳುತ್ತದೆ. ಮೂಲ ವೇತನವನ್ನು ಚಿಕ್ಕದಾಗಿ ತೋರಿಸುತ್ತಿದ್ದ ಕಡೆ ಅದು ನಿಜ. ಹೆರಿಗೆ ಸಂಬಳದಲ್ಲಿ ಫಲ ತಿರುಗಾಮುರುಗ. ತಿಂಗಳಿಗೆ 24,000 ಪಡೆಯುವ ಖಾಸಗಿ ಆಸ್ಪತ್ರೆಯ ನರ್ಸ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ 14,000, ಉಳಿದ 10,000 ಮನೆ ಬಾಡಿಗೆ ಮತ್ತು ಪ್ರಯಾಣ ಭತ್ಯೆ ಎಂದಿಟ್ಟುಕೊಳ್ಳಿ. ತಿಂಗಳ ಸಂಬಳವನ್ನೇ ಆರರಿಂದ ಗುಣಿಸಿ ಅಂದಾಜು ಹಿಡಿದರೂ ಹಳೆಯ ಲೆಕ್ಕದಲ್ಲಿ 1,44,000, ಹೊಸದರಲ್ಲಿ 84,000. ಬಾಣಂತನಕ್ಕೆ ತವರಿಗೆ ಹೋದಳೆಂದು ಅವಳ ಮನೆ ಬಾಡಿಗೆ ನಿಲ್ಲುತ್ತದೆಯೇ?

ಕಾನೂನು ಹೇಳುವುದು ಕನಿಷ್ಠವನ್ನು. ಪೂರ್ತಿ ಸಂಬಳ ಕೊಡಬೇಡಿ ಎಂದು ಅದು ಯಾವ ಮಾಲೀಕರ ಕೈಯನ್ನೂ ಕಟ್ಟಿಲ್ಲ. 2025ರಲ್ಲಿ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆ ತಂದ ಕರ್ನಾಟಕ ಸರ್ಕಾರ, ಈ ವಿಷಯದಲ್ಲೂ ದೆಹಲಿಯ ಜೊತೆ ಗಟ್ಟಿಯಾಗಿ ಜಗಳಕ್ಕೆ ನಿಲ್ಲಬೇಕು.

ಹೀಗೆಲ್ಲ ಬಿಗಿ ಮಾಡಿದರೆ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಕೂಡಲೇ ಬರುತ್ತದೆ. ಇಎಸ್‌ಐ ಇಲ್ಲದ ಸಣ್ಣ ಘಟಕದವರು ಹೇಳಿದರೆ ನಾನು ಕೇಳಿಸಿಕೊಳ್ಳುತ್ತೇನೆ. ಒಬ್ಬನೇ ಮಾಲೀಕನ ಮೇಲೆ ಪೂರ್ತಿ ಭಾರ ಹಾಕಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ 183ನೇ ಒಪ್ಪಂದವೂ ಹೇಳುತ್ತದೆ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಆದರೆ ಇಎಸ್‌ಐ ವ್ಯಾಪ್ತಿಯ ದೊಡ್ಡ ಗಾರ್ಮೆಂಟ್ಸ್‌ನವರು ಈ ಮಾತಾಡಿದರೆ ಒಪ್ಪಲಾರೆ. ಅಲ್ಲಿ ಹೆರಿಗೆ ಸಂಬಳ ಕೊಡುವುದು ಇಎಸ್‌ಐ ನಿಗಮ. ಮಾಲೀಕರ ವಂತಿಗೆ ಸಂಬಳದ ಶೇ 3.25, ಕೆಲಸಗಾರ್ತಿಯದು ಶೇ 0.75. ಬಸುರಿಯಾಗಲಿ ಬಿಡಲಿ, ಆ ವಂತಿಗೆ ಅಷ್ಟೇ. ಅಲ್ಲಿ ಮೋಸ ನಡೆದರೆ ನಡೆಯುವುದು ಹಾಜರಿ ಪುಸ್ತಕದಲ್ಲಿ: ಸಂಬಳ ಕಡಿಮೆ ತೋರಿಸುವುದು, ಕಂಟ್ರಾಕ್ಟರ್ ಬದಲಾಯಿಸಿ ಹೆರಿಗೆ ಸಂಬಳಕ್ಕೆ ಬೇಕಾದ 70 ದಿನದ ವಂತಿಗೆ ತುಂಬದಂತೆ ನೋಡಿಕೊಳ್ಳುವುದು.

ಗುಂಡ್ಲುಪೇಟೆ ಕಡೆ ಚೆಂಡು ಹೂ ಬಿಡಿಸಲು, ಅರಿಶಿನ ಕೀಳಲು, ಟೊಮೆಟೊ ಕೊಯ್ಯಲು ಗೂಡ್ಸ್ ಆಟೋ ಹತ್ತುವವರಿಗೆ ಮಾತ್ರ ಯಾವ ಲೆಕ್ಕವೂ ಇಲ್ಲ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು; ಅವರಿಗೆ ಕಾನೂನು ಒಪ್ಪುವ ಮಾಲೀಕನೇ ಇಲ್ಲ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವುದು 5,000 ರೂಪಾಯಿ. ಮೇಲೆ ಹಿಡಿದ ಕೂಲಿಯಲ್ಲಿ ಅದು ಹತ್ತು ದಿನದ ದುಡಿಮೆ. 182 ದಿನ ಒಬ್ಬಳಿಗೆ, ಹತ್ತು ದಿನ ಇನ್ನೊಬ್ಬಳಿಗೆ. ಇದನ್ನು ಸರಿಪಡಿಸಬೇಕಾದದ್ದು ಸರ್ಕಾರದ ಬೊಕ್ಕಸವೇ.

ಅಲ್ಲಿಯವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ಕಾನೂನಿನ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಎದ್ದು ಕಾಣುವ ಕಡೆ ಹಾಕಬೇಕೆಂದು 1961ರ ಕಾಯ್ದೆ ಹೇಳಿತ್ತು. ಹೊಸ ಸಂಹಿತೆಯೂ ಹೇಳುತ್ತದೆ. ಜಿಲ್ಲಾ ಕಾರ್ಮಿಕ ಇಲಾಖೆ ಮೊದಲು ಆ ಫಲಕ ಎಲ್ಲೆಲ್ಲಿದೆ ಎಂದು ನೋಡಲಿ. ಹೆರಿಗೆಗೆ ಮುಂಚಿನ ಅವಧಿಯ ದುಡ್ಡನ್ನು ಮುಂಗಡವಾಗಿ, ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು. ಆ ಮುಂಗಡದ ಜೊತೆಗೇ ಒಂದು ಕನ್ನಡದ ಲೆಕ್ಕದ ಹಾಳೆ ಕೊಡುವುದನ್ನು ರಾಜ್ಯ ತನ್ನ ನಿಯಮಗಳಲ್ಲೇ ಕಡ್ಡಾಯ ಮಾಡಲಿ. ಮೂರು ತಿಂಗಳ ಸಂಬಳ ಎಷ್ಟು, ಯಾವ ಭತ್ಯೆ ಬಿಟ್ಟಿದ್ದಾರೆ, ದುಡಿದ ದಿನ ಎಷ್ಟು, ಎಷ್ಟರಿಂದ ಗುಣಿಸಿದ್ದಾರೆ ಎಂಬುದು ಅದರಲ್ಲಿರಲಿ, ಕೆಳಗೆ ಮಾಲೀಕರ ಸಹಿ ಇರಲಿ. ಕೂಡುವುದು, ಭಾಗಿಸುವುದು ಅವಳಿಗೂ ಬರುತ್ತದೆ.