ಹರಾಜು ಮುಗಿಯುವ ಮುನ್ನ

ಗುಂಡ್ಲುಪೇಟೆಯ ನನ್ನ ಹಳೆಯ ವಿದ್ಯಾರ್ಥಿ ಮೊನ್ನೆ ಕೇಳಿದ: "ಸಾರ್, ನನ್ನ ಅಂಚೆಚೀಟಿಗಳು ಅಂತರ್ಜಾಲದ ಹರಾಜಿನಲ್ಲಿವೆ. ಒಬ್ಬರು 'ಹರಾಜು ನಿಲ್ಲಿಸು, ಎರಡು ಸಾವಿರ ಕೊಡ್ತೀನಿ' ಅಂತಾರೆ. ಕೊಟ್ಟುಬಿಡ್ಲಾ?"

ಮಕ್ಕಳೇ, 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಕನ್ನಡಕ, ಚಪ್ಪಲಿ, ಗಡಿಯಾರ ಹರಾಜಿಗೆ ಬಂದವು. ಮಾರುವವರೇ ಕೊನೆಗಳಿಗೆಯಲ್ಲಿ ಹಿಂತೆಗೆಯಲು ನೋಡಿದರು, ಹರಾಜು ನಿಲ್ಲಲಿಲ್ಲ. 20-30 ಸಾವಿರ ಡಾಲರಿನ ಅಂದಾಜು 18 ಲಕ್ಷಕ್ಕೆ ಏರಿತು. ಕೊಂಡವರು ಉದ್ಯಮಿ ವಿಜಯ್ ಮಲ್ಯ.

ಬೆಲೆ ಏರುವುದು ಒಬ್ಬನ ಆಸೆಯಿಂದಲ್ಲ, ಇಬ್ಬರ ಪೈಪೋಟಿಯಿಂದ. ಗಿರಾಕಿ ಅವಸರಪಟ್ಟರೆ ಪೈಪೋಟಿ ತಪ್ಪಿಸುವ ಲೆಕ್ಕವಿರಬಹುದು. ಪೋಷಕರೇ, ತಾಣದ ಹೊರಗಿನ ವ್ಯವಹಾರದಲ್ಲಿ ಮೋಸಹೋದರೆ ತಾಣದ ರಕ್ಷಣೆ ಸಿಗದಿರಬಹುದು. ಹರಾಜಿನಲ್ಲಿ ಎರಡು ಸಾವಿರ ಬಾರದೆಯೂ ಇರಬಹುದು, ನಿಜ. ಆದರೆ ಆಗಲೇ ಕೂಗಿದವರನ್ನು ನಂಬಿಸಿ ಕೈಬಿಡಬಾರದು.

"ಅವರಿಗೂ ಹರಾಜಿನಲ್ಲೇ ಕೂಗಲು ಹೇಳಪ್ಪ" ಎಂದೆ.