ತೊಟ್ಟಿಗೆ ಹಿಂಡು ಮೀನು ತರುವ ಮುನ್ನ

ಜಮಖಂಡಿಯ ಹೈಸ್ಕೂಲು ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ: “ಟಿ.ವಿ.ಯಲ್ಲಿ ಹವಳದ ದಿಬ್ಬದ ಮೇಲೆ ಮೀನುಗಳ ಹಿಂಡು ಒಮ್ಮೆಲೇ ತಿರುಗುವುದನ್ನು ನೋಡಿದೆ. ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಅಂಥ ಹತ್ತು ಮೀನು ಬಿಡಬೇಕೆಂದಿದೆ. ಯಾವ ಜಾತಿ ತರಲಿ? ಅಪ್ಪಾಜಿ ಬೇಡ ಅನ್ನುತ್ತಾರೆ.” ಮಗನ ಪ್ರಶ್ನೆಗೂ ತಂದೆಯವರ ‘ಬೇಡ’ಕ್ಕೂ ಈ ವಾರ ಒಟ್ಟಿಗೇ ಉತ್ತರ. ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿದೆ.

ಮೊದಲು, ಮೀನು ಹಿಂಡು ಕಟ್ಟುವುದೇಕೆ ಎಂದು ತಿಳಿಯೋಣ. ಮುಖ್ಯ ಕಾರಣ ಭಯ. ಒಂಟಿ ಮೀನನ್ನು ಗುರಿಯಿಟ್ಟು ಹಿಡಿಯುವ ಬೇಟೆಗಾರನಿಗೆ ನೂರು ಮೀನು ಒಟ್ಟಿಗೆ ಮಿಂಚಿದರೆ ಕಣ್ಣು ಕೀಲಿಸುವುದು ಕಷ್ಟ. ನೂರು ಜೊತೆ ಕಣ್ಣಿದ್ದರೆ ಅಪಾಯವೂ ಬೇಗ ಗೊತ್ತಾಗುತ್ತದೆ. ಪಕ್ಕದ ಮೀನು ತಿರುಗಿದ ಸುಳಿವು ಕಣ್ಣಿನಿಂದ ಮಾತ್ರವಲ್ಲ, ಮೈಯ ಎರಡೂ ಬದಿಗೆ ಗೆರೆಯಂತೆ ಹಾದಿರುವ ಪಾರ್ಶ್ವರೇಖೆ ಎಂಬ ಅಂಗದಿಂದಲೂ ಸಿಗುತ್ತದೆ. ನೀರಿನ ಸಣ್ಣ ಅಲುಗಾಟವನ್ನೂ ಅದು ಗ್ರಹಿಸುತ್ತದೆ. 1976ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಕೆಲವು ಮೀನುಗಳ ಕಣ್ಣು ಮುಚ್ಚಿ ಹಿಂಡಿನೊಳಗೆ ಬಿಟ್ಟರು. ಅವು ಹಿಂಡಿನೊಂದಿಗೇ ಸಾಗಿದವು!

ನಮ್ಮ ಸಂತೆಗೆ ಬರುವ ಬಂಗಡೆಯೂ ಹಿಂಡಿನ ಮೀನೇ. ಕರಾವಳಿಯಲ್ಲಿ ಹಿಂದೆ ರಂಪಣಿ ಬಲೆ ಬೀಸಿ ಇಡೀ ಹಿಂಡನ್ನು ದಡಕ್ಕೆಳೆಯುತ್ತಿದ್ದರು. ದೊಡ್ಡ ಮೀನಿನಿಂದ ಕಾಯುವ ಗುಣವೇ ಮನುಷ್ಯನ ಬಲೆಗೆ ಅನುಕೂಲವಾಯಿತು.

ಈಗ ತೊಟ್ಟಿಯ ಮಾತಿಗೆ ಬರೋಣ. ಭಯವೇ ಹಿಂಡಿನ ದಾರವಾದರೆ, ಬೇಟೆಗಾರನೇ ಇಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಆ ದಾರ ಸಡಿಲಾಗದೆ ಇದ್ದೀತೆ? ಅಂಗಡಿಯವರು ಮೊದಲು ತೋರಿಸುವ ‘ಗ್ರೀನ್ ಕ್ರೋಮಿಸ್’ ಎಂಬ ತಿಳಿಹಸಿರು ಮೀನಿನ ಕಥೆ ಇದೇ. ಬೆರಳುದ್ದದ ಮೀನು, ಬೆಲೆಯೂ ಕಡಿಮೆ, ಹವಳದ ಮೇಲೆ ನೂರಾರು ಸಂಖ್ಯೆಯಲ್ಲಿ ಇರುವಂಥದು. ಆರು ತಂದರೆ ಮೊದಲ ವಾರ ಹೆದರಿಕೆಯಿಂದ ಚೆನ್ನಾಗಿ ಹಿಂಡು ಕಟ್ಟುತ್ತವೆ. ಮನೆ ರೂಢಿಯಾದ ಮೇಲೆ ಮೇಲು-ಕೀಳಿನ ಲೆಕ್ಕ ಶುರು. ಎಲ್ಲಕ್ಕಿಂತ ದುರ್ಬಲವಾದುದನ್ನು ಉಳಿದವು ಕುಕ್ಕುತ್ತವೆ. ಅದು ಸತ್ತಿತೋ, ಸರದಿ ಮುಂದಿನದಕ್ಕೆ. ಹೀಗೆ ಆರು ನಾಲ್ಕಾಗಿ, ನಾಲ್ಕು ಎರಡಾಗಿ, ವರ್ಷದೊಳಗೆ ಒಂದೇ ಉಳಿಯುವುದು ಚಿಕ್ಕ ತೊಟ್ಟಿಗಳಲ್ಲಿ ಅಪರೂಪವಲ್ಲ. ಹುಡುಗರು ‘ರೋಗ ಬಂತು’ ಎಂದುಕೊಳ್ಳುತ್ತಾರೆ. ಆದ್ದರಿಂದ ನಾಲ್ಕು ಅಡಿಗಿಂತ ಚಿಕ್ಕ ತೊಟ್ಟಿಗೆ ಕ್ರೋಮಿಸ್ ಹಿಂಡು ಬೇಡ. ಆರು ಅಡಿಯಿದ್ದರೆ ಒಳ್ಳೆಯದು. ಬಿಡುವಾಗ ಒಂದೇ ಗಾತ್ರದವನ್ನು ಒಂದೇ ದಿನ ಬಿಡಬೇಕು. ಹೊಟ್ಟೆ ಹಸಿದಷ್ಟೂ ಜಗಳ ಹೆಚ್ಚು; ದಿನಕ್ಕೆರಡು ಮೂರು ಸಲ ಚಿಟಿಕೆ ಚಿಟಿಕೆ ಆಹಾರ ಹಾಕಬೇಕು.

‘ಆಂಥಿಯಾಸ್’ ನೋಡಲು ಇನ್ನೂ ಸುಂದರ. ಕಿತ್ತಳೆ ಬಣ್ಣದ ಮೋಡವೇ ಸರಿ. ಅದರ ಹಿಂಡಿನಲ್ಲಿ ಗಂಡು ಸತ್ತರೆ ಒಂದು ಹೆಣ್ಣೇ ಗಂಡಾಗಿ ಮಾರ್ಪಡುತ್ತದೆ. ಜೀವಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಸ್ವಾರಸ್ಯದ ಮೀನು ಸಿಗಲಾರದು. ಆದರೆ ಕಡಲಲ್ಲಿ ಹಗಲಿಡೀ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತಲೇ ಇರುವ ಜಾತಿಯದು. ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಹೋಗುವ ಮನೆಯಲ್ಲಿ ಅದು ಸೊರಗುತ್ತದೆ. ನನ್ನ ಮಟ್ಟಿಗೆ ಅದನ್ನು ಪಟ್ಟಿಯಿಂದ ತೆಗೆದುಹಾಕಿದ್ದೇನೆ. ಬೆಳ್ಳಿ ತಟ್ಟೆಯಂಥ ‘ಮೋನೊ’ ನಮ್ಮ ದೇಶದ ಅಳಿವೆಗಳಲ್ಲೇ ಸಿಗುತ್ತದೆ, ಹಿಂಡಾಗಿಯೂ ಇರುತ್ತದೆ; ಆದರೆ ಗೇಣುದ್ದಕ್ಕೂ ಮೀರಿ ಬೆಳೆಯುವ ಅದಕ್ಕೆ ಮನೆಯ ತೊಟ್ಟಿ ಸಾಲದು.

ಹಾಗಾದರೆ ಉಳಿಯುವುದು ಯಾವುದು? ‘ಪೈಜಾಮ ಕಾರ್ಡಿನಲ್’. ಮುಂಭಾಗ ಹಳದಿ, ನಡುವೆ ಕಪ್ಪು ಪಟ್ಟೆ, ಹಿಂಭಾಗಕ್ಕೆ ಚುಕ್ಕೆ ಬಟ್ಟೆ ಹೊಲಿಸಿದಂತೆ ಕಾಣುವ ಸಾಧು ಮೀನು. ಇದು ಕವಾಯತು ಮಾಡುವುದಿಲ್ಲ. ಹಗಲು ಒಂದೇ ಕಡೆ ಗುಂಪಾಗಿ ತೇಲುತ್ತ ನಿಂತು, ಸಂಜೆಗೆ ಚುರುಕಾಗುತ್ತದೆ. ನಾಲ್ಕು ಅಡಿಯ ತೊಟ್ಟಿಯಲ್ಲಿ ಐದು ಇಟ್ಟರೆ ಸಾಮಾನ್ಯವಾಗಿ ಹೊಂದಿಕೊಂಡಿರುತ್ತವೆ. ಓಡಾಡಿ ಕಾಡುವ ಮೀನು ಜೊತೆಗಿರಬಾರದು, ಅಷ್ಟೆ. ಇದರದೇ ಬಳಗದ ‘ಬಂಗೈ ಕಾರ್ಡಿನಲ್’ ಇಂಡೋನೇಷ್ಯಾದ ಕೆಲವೇ ದ್ವೀಪಗಳ ಮೀನು. ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದು ಹಿಡಿದು 2007ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ತೊಟ್ಟಿಯಲ್ಲಿ ಮರಿ ಮಾಡಿಸಿದ್ದಾದರೆ ಮಾತ್ರ ಕೊಳ್ಳಿರಿ, ಅದೂ ಒಂದು ಜೋಡಿ. ಗುಂಪಿನಲ್ಲಿಟ್ಟರೆ ಜೋಡಿ ಕಟ್ಟಿಕೊಂಡವು ಉಳಿದವನ್ನು ಓಡಿಸುತ್ತವೆ. 2003ರ ಸಿನಿಮಾದ ನೀಮೋ, ಅಂದರೆ ಕ್ಲೌನ್ ಮೀನನ್ನು ಎಲ್ಲ ಮಕ್ಕಳೂ ಕೇಳುತ್ತಾರೆ. ಅದು ಹಿಂಡಿನ ಮೀನೇ ಅಲ್ಲ. ಆದರೂ ಅದನ್ನೂ ಕೆಲವು ಡ್ಯಾಮ್ಸೆಲ್ ಜಾತಿಗಳನ್ನೂ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಮಂಡಪಂನಲ್ಲಿ ಮರಿ ಮಾಡಿಸಿ ತೋರಿಸಿದ್ದಾರೆ ಎಂಬುದು ಸಮಾಧಾನದ ಸಂಗತಿ. ಜೀವಂತ ಹವಳ, ಕಡಲ್ಗುದುರೆ ಮಾತ್ರ ಯಾರು ಕೊಟ್ಟರೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಪಟ್ಟಿಗೆ ಅವು 2001ರಲ್ಲೇ ಸೇರಿವೆ.

ಇನ್ನು ತಂದೆಯವರ ಪಾಲಿನ ಅರ್ಧ ಸತ್ಯ. ಲೋಕಾಪುರ ಸುತ್ತಿನ ಸುಣ್ಣಕಲ್ಲು, ಡೋಲೊಮೈಟು ಕಡಲಡಿಯಲ್ಲಿ ಶೇಖರವಾದದ್ದೇನೋ ಹೌದು. ಅದು ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು, ಆಗ ಮೀನೇ ಹುಟ್ಟಿರಲಿಲ್ಲ! ಇಂದು ಕಡಲು ನಮಗೆ ಇನ್ನೂರು ಕಿಲೋಮೀಟರಿಗೂ ದೂರ. ನೀರನ್ನು ಮನೆಯಲ್ಲೇ ‘ಕಡಲು’ ಮಾಡಬೇಕು. ಅಡುಗೆ ಉಪ್ಪಿನಿಂದ ಅದಾಗದು. ಕಡಲಿನ ಲವಣದಲ್ಲಿ ಸೋಡಿಯಂ ಕ್ಲೋರೈಡು ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ಉಳಿದದ್ದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟು, ಪೊಟ್ಯಾಸಿಯಂ ಮೊದಲಾದವು. ಇದಕ್ಕೆಂದೇ ಮಾರುವ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂ ಕರಗಿಸಬೇಕು. ಕೊಳವೆಬಾವಿಯ ಗಡಸು ನೀರು ಬೇಡ, ಆರ್‌.ಓ. ನೀರು ಬೇಕು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಗೆ ಸುಮಾರು 220 ಲೀಟರು ಹಿಡಿದರೂ ಉಪ್ಪು ಏಳೂವರೆ ಕಿಲೋ ದಾಟಿತು. ವಾರಕ್ಕೆ ಹತ್ತನೆಯ ಒಂದು ಪಾಲು ನೀರು ಬದಲಿಸಿದರೆ ಪ್ರತಿ ಸಲ ಮುಕ್ಕಾಲು ಕಿಲೋ. ಮೀನಿನ ಬೆಲೆ ಒಮ್ಮೆ, ಉಪ್ಪಿನ ಬೆಲೆ ವರ್ಷವಿಡೀ. ನೀರು, ಗಾಜು ಸೇರಿ ಎರಡೂವರೆ ಕ್ವಿಂಟಾಲು ಭಾರವನ್ನು ಯಾವ ಮೇಜಿನ ಮೇಲಿಡುತ್ತೀರಿ ಎಂಬುದನ್ನೂ ಯೋಚಿಸಬೇಕು.

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಈ ಮೀನುಗಳಿಗೆ ಬೇಕಾದದ್ದು 25ರಿಂದ 28 ಡಿಗ್ರಿ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಉಪ್ಪುನೀರಲ್ಲಿ ಮೊದಲೇ ಕಡಿಮೆ. ನೀರಿನ ಮೇಲೆ ಚಿಕ್ಕ ಫ್ಯಾನು ಬೀಸಿದರೆ ಮಣ್ಣಿನ ಹರವಿಯ ನೀರು ತಣ್ಣಗಾಗುವ ಸೂತ್ರದಿಂದಲೇ ಕೆಲವು ಡಿಗ್ರಿ ಇಳಿಯುತ್ತದೆ. ನಮ್ಮ ಒಣ ಗಾಳಿ ಇಲ್ಲಿ ಉಪಕಾರಿ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಇಳಿದಷ್ಟನ್ನು ಸಿಹಿನೀರಿನಿಂದಲೇ ದಿನವೂ ತುಂಬಬೇಕು. ಉಪ್ಪುನೀರು ಸುರಿದವರ ತೊಟ್ಟಿ ಉಪ್ಪಿನಕಾಯಿ ಭರಣಿಯಾಗುತ್ತದೆ. ಕರೆಂಟು ಹೋದರೆ? ರಬಕವಿ-ಬನಹಟ್ಟಿಯ ಮಗ್ಗ ನಿಂತರೆ ನೂಲು ಕಾಯುತ್ತದೆ, ಪಂಪು ನಿಂತರೆ ಮೀನು ಕಾಯುವುದಿಲ್ಲ. ಬ್ಯಾಟರಿಯ ಗಾಳಿಪಂಪು ಇಲ್ಲದೆ ಉಪ್ಪುನೀರಿಗೆ ಕೈ ಹಾಕಬೇಡಿ.

ಇದೆಲ್ಲ ಓದಿ ಆ ಹುಡುಗನ ಮುಖ ಬಾಡಿದ್ದರೆ, ಒಂದು ಮಾತು. ಮೊದಲ ವರ್ಷ ಸಿಹಿನೀರಿನ ಹಿಂಡು ಸಾಕು. ಎರಡು ಅಡಿಯ ತೊಟ್ಟಿಯಲ್ಲಿ ಎಂಟು ಹತ್ತು ಜೀಬ್ರಾ ಮೀನು ಬಿಡು. ನೀಲಿ ಗೆರೆಯ ಈ ಪುಟ್ಟ ಮೀನು ನಮ್ಮ ದೇಶದ್ದೇ. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇದೆ. ಕೃಷ್ಣಾ ಕಣಿವೆಯ ಹೊಳೆ-ಕೆರೆಗಳಲ್ಲಿ ಮೂತಿಯಿಂದ ಬಾಲದವರೆಗೆ ಕಪ್ಪು ಗೆರೆಯ ರಾಸ್ಬೊರಾ, ಎರಡು ಕಪ್ಪು ಚುಕ್ಕೆಯ ಟಿಕ್ಟೊ ಇವೆ. ಇವೂ ಗುಂಪಿನಲ್ಲೇ ಸುಖಿಗಳು. ಕ್ರೋಮಿಸ್ ಮಾಡದ ಕವಾಯತನ್ನು ಇವು ಎಷ್ಟೋ ಚೆನ್ನಾಗಿ ಮಾಡುತ್ತವೆ. ಚೆದುರಿ ಮೇಯುತ್ತಿರುವಾಗ ತೊಟ್ಟಿಯ ಮೇಲೆ ಒಮ್ಮೆ ಕೈಯ ನೆರಳು ಹಾಯಿಸಿ ನೋಡು: ಕ್ಷಣದಲ್ಲಿ ಒತ್ತಾಗಿ ಕೂಡಿಕೊಳ್ಳುತ್ತವೆ. ಒಮ್ಮೆ ಸಾಕು, ಗೆಳೆಯರಿಗೆಲ್ಲ ತೋರಿಸುತ್ತ ಪೀಡಿಸಬೇಡ. ಬೇಸರವಾಯಿತೆಂದು ಅಂಗಡಿಯ ಮೀನನ್ನು ಘಟಪ್ರಭೆಗೋ ಬೀಳಗಿಯ ಆಲಮಟ್ಟಿ ಹಿನ್ನೀರಿಗೋ ಬಿಡಲೂ ಬೇಡ. ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ದೇಶದ ಎಷ್ಟೋ ನದಿ-ಕೆರೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ.

ತೊಟ್ಟಿ ಸಿಹಿನೀರಿನದಾಗಲಿ ಉಪ್ಪುನೀರಿನದಾಗಲಿ, ನೀರು ತುಂಬಿದ ದಿನವೇ ಮೀನು ಬಿಡುವ ಆತುರ ಕೂಡದು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ನೈಟ್ರೈಟಾಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಪಂಪು ಓಡಿಸುತ್ತ, ಖಾಲಿ ತೊಟ್ಟಿಗೇ ದಿನವೂ ಚಿಟಿಕೆ ಆಹಾರ ಹಾಕಿ, ಪರೀಕ್ಷಾ ಕಿಟ್ಟಿನಿಂದ ಅಳೆದು ನೋಟುಬುಕ್ಕಿನಲ್ಲಿ ಬರೆದಿಡಬೇಕು. ಅಮೋನಿಯಾ, ನೈಟ್ರೈಟು ಎರಡೂ ಸೊನ್ನೆಗಿಳಿದ ಮೇಲೆ ಅಂಗಡಿಗೆ ಹೋಗಿ, ನಿಮ್ಮೆದುರೇ ಮೀನಿಗೆ ಆಹಾರ ಹಾಕಿಸಿರಿ. ತಿನ್ನದ ಮೀನನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ. ಮನೆಗೆ ಬಂದ ಮೇಲೆ ಪ್ಲಾಸ್ಟಿಕ್ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಬೆರೆಸಿ, ಮೀನನ್ನು ಜಾಳಿಗೆಯಿಂದ ಎತ್ತಿ ಬಿಡಿ. ಅಂಗಡಿಯ ನೀರು ಒಳಗೆ ಬೀಳಬಾರದು. ಆ ಸಂಜೆ ತೊಟ್ಟಿಯ ದೀಪ ಹಚ್ಚಬೇಡಿ.