ವಿದ್ಯಾರ್ಥಿ ಮಾರ್ಗದರ್ಶಿ: ವಕೀಲಿಗೆ ಯಾವ ಪದವಿ?

ನಿಮ್ಮ ಮಗಳು ಬಿ.ಎ. ಮೊದಲ ವರ್ಷ ಮುಗಿಸಿ ಕಾಲೇಜು ಬದಲಾಯಿಸಲು ಹೊರಟಿದ್ದಾಳೆಯೇ? ಮುಂದೆ ವಕೀಲಳಾಗುವ ಆಸೆಯೂ ಇದೆಯೇ? ಹಾಗಿದ್ದರೆ ‘ರಾಜ್ಯಶಾಸ್ತ್ರವನ್ನೇ ತೆಗೆದುಕೋ’ ಎಂದು ಒತ್ತಾಯಿಸಬೇಡಿ. ಮೂರು ವರ್ಷದ ಎಲ್‌ಎಲ್.ಬಿ.ಗೆ ಯಾವ ವಿಷಯದ ಪದವಿಯಾದರೂ ಆದೀತು. ಬಾರ್ ಕೌನ್ಸಿಲಿನ 2008ರ ನಿಯಮದಂತೆ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇಕಡಾ 45 ಅಂಕ ಬೇಕು. ಆದ್ದರಿಂದ ಅವಳು ಇಷ್ಟಪಟ್ಟು ಓದಿ ಅಂಕ ಗಳಿಸಬಲ್ಲ ವಿಷಯವೇ ಮೇಲು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ ನಮ್ಮ ಮುಂಬಯಿಯ ನಾನಿ ಪಾಲ್ಖಿವಾಲಾ ಮೊದಲು ಓದಿದ್ದು ಇಂಗ್ಲಿಷ್ ಸಾಹಿತ್ಯ!

ಕಾಲೇಜು ಬಿಡುವ ಮುನ್ನ ಮಾತ್ರ ಒಂದು ಎಚ್ಚರ: ಮುಗಿಸಿದ ವಿಷಯಗಳನ್ನು ಹೊಸ ಕಾಲೇಜು ಮಾನ್ಯ ಮಾಡುವುದೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಇಲ್ಲವಾದರೆ ಒಂದು ವರ್ಷ ವ್ಯರ್ಥವಾದೀತು.